ಹೊಗೆಗುಡ್ಡದಿಂದ ಬಂದವರು

ಮುಪ್ಪಿನಲ್ಲಿ ಹಡಗು ಹತ್ತುವ ಯೋಚನೆ ಮಟಿಲ್ಡಾಳದ್ದಾಗಿರಲಿಲ್ಲ. ಮಿಶನ್ ಆಸ್ಪತ್ರೆಯಲ್ಲಿ ನರ್ಸ್ ಕೆಲಸ ಮಾಡಿ ಮಾಡಿ ಅವಳ ಮೊಣಕಾಲು ಸವೆದಿತ್ತು. ಇನ್ನು ಮಂಗಳೂರಿನ ಫಳ್ನೀರಿನ ಮನೆಯ ಜಗಲಿಯಲ್ಲಿ ಕೂತು ಮಲ್ಲಿಗೆ ಕಟ್ಟಿಕೊಂಡು ದಿನ ಕಳೆಯುವುದು ಎಂದುಕೊಂಡಿದ್ದಳು. ಆದರೆ ದೊಡ್ಡ ಯುದ್ಧ ಮುಗಿದು ಹಡಗುಗಳು ಮತ್ತೆ ನೆಟ್ಟಗೆ ಓಡಾಡತೊಡಗಿದ ಆ ವರ್ಷ, ಪಾದ್ರಿಗಳು ಆದಿತ್ಯವಾರದ ಆರಾಧನೆಯ ಕೊನೆಗೆ ಒಂದು ಮಾತು ಹೇಳಿದರು. ಸುಮಾತ್ರ ದ್ವೀಪದ ತೋಟಗಳಲ್ಲಿ ತಮಿಳು ಕೂಲಿಗಳು ಸಾವಿರಗಟ್ಟಲೆ ಇದ್ದಾರೆ, ಅವರಿಗೆಂದು ಒಂದು ಸಣ್ಣ ಆಸ್ಪತ್ರೆ, ಒಂದು ಶಾಲೆ ಎದ್ದಿದೆ, ನಡೆಸುವವರಿಲ್ಲ. ಮಕ್ಕಳ ಜವಾಬ್ದಾರಿ ಮುಗಿದ ಹಿರಿಯ ದಂಪತಿಗಳು ಒಂದೆರಡು ವರ್ಷ ಹೋಗಿ ಬರಬಹುದು.

ಮನೆಗೆ ಬಂದು ಕೋಟು ಬಿಚ್ಚುವ ಮೊದಲೇ ಅವಳ ಗಂಡ ಸೈಮನ್ ಮಾಸ್ತರರು, "ಹೋಗುವ ಮಟಿಲ್ಡಾ," ಎಂದರು. ಅವರು ಮಾತು ಕಡಿಮೆ ಆಡುವವರು. ಆಡಿದ್ದನ್ನು ಬಿಡುವವರಲ್ಲ. ಹಿಂದೆ ಕೊಯಮುತ್ತೂರಿನ ಕಡೆ ಶಾಲೆ ನಡೆಸಿದ್ದರಿಂದ ತಮಿಳು ಬರುತ್ತಿತ್ತು. ಅವಳು ಬೇಡ ಅನ್ನಲಿಕ್ಕೆ ಕಾರಣ ಹುಡುಕುತ್ತಿರುವಾಗಲೇ ಜೆಪ್ಪುವಿನಿಂದ ಆಂಬ್ರೋಸ್ ಬಂದು ಬಾಗಿಲು ತಟ್ಟಿದ.

ಆಂಬ್ರೋಸ್ ಮಿಶನ್ನಿನ ಕೈಗಾರಿಕೆ ಶಾಲೆಯಲ್ಲಿ ಮರಗೆಲಸ ಕಲಿಸಿದವನು. ಸೈಮನ್ ಮಾಸ್ತರರಿಗಿಂತ ಏಳೆಂಟು ವರ್ಷ ಚಿಕ್ಕವನು, ಅವರಿಗೆ ತಮ್ಮನ ಹಾಗೆ. ಬಾಯಿ ಮುಚ್ಚದವನು. ಎಲ್ಲಿ ಹೋದರೂ ಮೊದಲು ಬಾಗಿಲಿಗೋ ಕುರ್ಚಿಗೋ ಬೆರಳ ಗೆಣ್ಣಿನಿಂದ ಎರಡು ಸಲ ಬಡಿದು, ಮರ ಯಾವುದೆಂದು ಕಿವಿಗೊಟ್ಟು ಕೇಳಿ, ಆಮೇಲೆ ಕೂತುಕೊಳ್ಳುವ ಅಭ್ಯಾಸ ಅವನಿಗೆ. ಮಟಿಲ್ಡಾಳನ್ನು ನರ್ಸಮ್ಮ ಎಂದು ಕರೆಯುತ್ತಿದ್ದದ್ದು ಊರಲ್ಲಿ ಅವನೊಬ್ಬನೇ.

"ನರ್ಸಮ್ಮ, ನಾವು ಹೆಸರು ಕೊಟ್ಟಾಯ್ತು. ಅಮ್ಮಣಿ ಟ್ರಂಕು ಕೂಡ ಕೆಳಗೆ ಇಳಿಸಿದ್ದಾಳೆ. ಅಲ್ಲಿ ಹೊಗೆ ಬಿಡುವ ಗುಡ್ಡ ಉಂಟಂತೆ. ಸಾಯುವ ಮೊದಲು ಒಂದು ಸಲ ನೋಡ್ಬೇಕಲ್ವಾ?"

ಅಮ್ಮಣಿ ಅವನ ಹೆಂಡತಿ. ಹೊಲಿಗೆ ಕಲಿಸುವವಳು, ಮೆತ್ತಗಿನ ಹೆಂಗಸು. ಅವಳೇ ಹೊರಟಿದ್ದಾಳೆ ಎಂದ ಮೇಲೆ ಮಟಿಲ್ಡಾ ಸುಮ್ಮನಾದಳು.

ರೈಲಿನಲ್ಲಿ ಮದರಾಸು, ಅಲ್ಲಿಂದ ಹಡಗಿನಲ್ಲಿ ಪಿನಾಂಗು, ಮತ್ತೆ ಒಂದು ಚಿಕ್ಕ ಹಡಗು. ಅಲ್ಲಿಗೆ ಹೋದ ಮೇಲೆ ಮಾತ್ರ ಮಟಿಲ್ಡಾಳಿಗೆ ಬಂದದ್ದು ಒಳ್ಳೆಯದಾಯಿತು ಅನ್ನಿಸಿತು. ಬೆಳಿಗ್ಗೆ ಆಸ್ಪತ್ರೆಯ ಬಾಗಿಲಲ್ಲಿ ಹೆಂಗಸರು ಮಕ್ಕಳನ್ನು ಸೊಂಟಕ್ಕೆ ಹಾಕಿಕೊಂಡು ಕಾಯುತ್ತಿದ್ದರು. ಮಾಸ್ತರರು ಶಾಲೆಯಲ್ಲಿ, ಆಂಬ್ರೋಸ್ ಬೆಂಚು ಮಾಡುವುದರಲ್ಲಿ, ಅಮ್ಮಣಿ ಹುಡುಗಿಯರಿಗೆ ಸೂಜಿ ಹಿಡಿಸುವುದರಲ್ಲಿ. ಸಂಜೆ ನಾಲ್ವರೂ ಜಗಲಿಯಲ್ಲಿ ಕೂತು ಗಂಜಿ ಉಣ್ಣುವಾಗ ಎದುರಿಗೆ ಆ ಗುಡ್ಡ ಕಾಣಿಸುತ್ತಿತ್ತು. ಅದರ ತಲೆಯಿಂದ ಯಾವಾಗಲೂ ಒಂದು ಬಿಳಿ ಎಳೆ ಮೇಲೆ ಹೋಗುತ್ತಿತ್ತು, ಒಲೆ ಆರಿದ ಮೇಲೆ ಬರುವ ಹೊಗೆಯ ಹಾಗೆ. ಹೊಗೆಗುಡ್ಡ ಎಂದು ಹೆಸರಿಟ್ಟವನು ಆಂಬ್ರೋಸನೇ. ಬಿಡುವಾದಾಗಲೆಲ್ಲ ಅವರು ಆ ಕಡೆ ನೋಡಲಿಕ್ಕೆ ಹೋಗುತ್ತಿದ್ದರು. ಕುದಿಯುವ ಕೆಸರು, ಹಳದಿ ಗಂಧಕದ ಬಂಡೆಗಳು, ಮೊಟ್ಟೆ ಬೇಯಿಸಬಹುದಾದ ತೊರೆ.

ಹೊರಡುವ ತಿಂಗಳು ಹತ್ತಿರ ಬಂದಾಗ ಅಲ್ಲಿನ ಊರಿನ ಇಬ್ಬರು ಅವರನ್ನು ಗುಡ್ಡದ ಹಿಂದಿನ ಒಂದು ತಗ್ಗಿಗೆ ಕರೆದುಕೊಂಡು ಹೋದರು. ಅಂಚಿನಲ್ಲೇ ನಿಲ್ಲಿಸಿ, ಇಳಿಯಬಾರದು ಎಂದರು. ತಗ್ಗು ಹೆಚ್ಚು ಆಳವಿರಲಿಲ್ಲ, ಮದಗದಷ್ಟು. ಅದರೊಳಗೆ ಒಂದು ಹುಲ್ಲುಕಡ್ಡಿಯೂ ಅಲುಗುತ್ತಿರಲಿಲ್ಲ. ಕೆಳಗೆ ಒಂದು ಕಾಡುಹಂದಿ ಮಲಗಿತ್ತು. ಅದರ ಪಕ್ಕದಲ್ಲಿ ಹಕ್ಕಿಗಳು, ರೆಕ್ಕೆ ಮಡಚಿಕೊಂಡು, ಯಾರೋ ಸಾಲಾಗಿ ಇಟ್ಟ ಹಾಗೆ. ಗಾಯವಿಲ್ಲ, ರಕ್ತವಿಲ್ಲ. ನೆಲದಿಂದ ಬರುವ ಕೆಟ್ಟ ಗಾಳಿ ನೀರಿನಂತೆ ತಗ್ಗಿನಲ್ಲಿ ತುಂಬಿಕೊಂಡಿರುತ್ತದೆ, ಕಣ್ಣಿಗೆ ಕಾಣುವುದಿಲ್ಲ, ಮೂಗಿಗೂ ತಿಳಿಯುವುದಿಲ್ಲ ಎಂದು ಆ ಇಬ್ಬರಲ್ಲಿ ಹಿರಿಯವನು ಹೇಳಿದ.

ಆಗಲೇ ಅಂಚಿನ ಮೇಲಿನ ಗಾಳಿಗೆ ಆಂಬ್ರೋಸನ ಟೊಪ್ಪಿ ಹಾರಿ ಇಳಿಜಾರಿನಲ್ಲಿ ಬಿತ್ತು. ಹತ್ತು ಹನ್ನೆರಡು ಹೆಜ್ಜೆಯಷ್ಟೇ ದೂರ. "ಉಸಿರು ಕಟ್ಟಿ ಹೋಗಿ ಬರ್ತೇನೆ," ಎಂದು ನಗುತ್ತಲೇ ಇಳಿದ. ಟೊಪ್ಪಿ ಹಿಡಿದ. ತಿರುಗಿದ. ಏನೋ ಮರೆತವನಂತೆ ನಿಂತ. ಆಮೇಲೆ ನಿಧಾನವಾಗಿ ಮಂಡಿಯೂರಿ ಮುಂದಕ್ಕೆ ಮಲಗಿದ.

ಅಮ್ಮಣಿ ಕೂಗುವ ಮೊದಲೇ ಸೈಮನ್ ಮಾಸ್ತರರು ಕರವಸ್ತ್ರ ಮೂಗಿಗೆ ಕಟ್ಟಿಕೊಂಡು ಇಳಿದಿದ್ದರು. ಮಟಿಲ್ಡಾ ಅವರ ಕೋಟಿನ ತುದಿ ಹಿಡಿದಿದ್ದಳು, ಅದು ಜಾರಿತು. ಮಾಸ್ತರರು ಆಂಬ್ರೋಸನ ಕೈ ಹಿಡಿದು ಎಳೆಯತೊಡಗಿದರು. ಅರ್ಧ ದಾರಿ ಎಳೆದು ತಂದರು. ಅಲ್ಲಿ ಅವರೂ ಬಿದ್ದರು. ಬಿದ್ದ ಮೇಲೂ ಹಿಡಿದ ಕೈ ಬಿಟ್ಟಿರಲಿಲ್ಲ. ಊರಿನವರು ಉದ್ದ ಬಿದಿರಿಗೆ ಕೊಕ್ಕೆ ಕಟ್ಟಿ ಮಾಸ್ತರರ ಕೋಟಿಗೆ ಸಿಕ್ಕಿಸಿ ಎಳೆದರು. ಇಬ್ಬರ ಭಾರ ತಡೆಯದೆ ಅವರ ಕೈಗಳು ಒಂದನ್ನೊಂದು ಬಿಟ್ಟುಕೊಂಡವು. ಅದನ್ನು ಎಲ್ಲರೂ ಕಂಡರು. ಮಾಸ್ತರರು ಮೇಲೆ ಬಂದರು, ಆಂಬ್ರೋಸ್ ಕೆಳಗೆ ಉರುಳಿದ. ಮತ್ತೆ ಅವನಿಗೆ ಕೊಕ್ಕೆ ಎಟುಕಲಿಲ್ಲ.

ಮಾಸ್ತರರ ತುಟಿ ನೇರಳೆ ಬಣ್ಣಕ್ಕೆ ತಿರುಗಿತ್ತು. ನಾಡಿ ಕೈಗೆ ಸಿಗಲಿಲ್ಲ. ಮಟಿಲ್ಡಾ ಅವರ ಕೈಗಳನ್ನು ತಲೆಯ ಮೇಲಕ್ಕೆ ಎತ್ತಿ, ಎದೆಗೆ ಒತ್ತಿ, ಮತ್ತೆ ಎತ್ತಿ, ಮತ್ತೆ ಒತ್ತಿ, ತನ್ನ ತೋಳು ಸೋಲುವವರೆಗೂ ಉಸಿರು ಆಡಿಸಿದಳು. ಬಲಗೈ ಮುಷ್ಟಿ ಕಟ್ಟಿಕೊಂಡಿತ್ತು, ಬಿಡಿಸಲಿಕ್ಕೆ ಆಗಲಿಲ್ಲ. ಕೊನೆಗೆ ಎದೆ ತಾನಾಗಿ ಎದ್ದಿತು. ಕಣ್ಣು ತೆರೆಯಿತು. ಆ ಕಣ್ಣು ಅವಳನ್ನು ದಾಟಿ ಹಿಂದೆ ಕುಸಿದು ಕೂತಿದ್ದವಳನ್ನು ನೋಡಿತು.

"ಅಮ್ಮಣಿ," ಅಂದರು ಮಾಸ್ತರರು. "ನನ್ನ ಟೊಪ್ಪಿ ಎಲ್ಲಿ?"

ಕೆಟ್ಟ ಗಾಳಿ ತಲೆಗೆ ಏರಿದೆ ಎಂದು ಮಟಿಲ್ಡಾ ತನಗೆ ತಾನೇ ಹೇಳಿಕೊಂಡಳು. ಆ ರಾತ್ರಿ ಗುಡ್ಡ ಅದುರಿ ತಗ್ಗಿನ ಅಂಚು ಕುಸಿಯಿತು. ಬಿಸಿ ಕೆಸರು ತುಂಬಿತು. ಆಂಬ್ರೋಸನ ದೇಹ ಸಿಗಲಿಲ್ಲ.

ಮೂವರೇ ಮಂಗಳೂರಿಗೆ ಮರಳಿದರು.

ಹಡಗಿನಲ್ಲಿ ಮಾಸ್ತರರು ಬಾಯಿ ಬಿಡಲೇ ಇಲ್ಲ. ಹೊತ್ತು ಹೊತ್ತಿಗೆ ಮಟಿಲ್ಡಾ ಕೊಟ್ಟದ್ದನ್ನು ತಿಂದರು, ಎಡಗೈಯಲ್ಲಿ. ಬಲಗೈ ಮುಷ್ಟಿ ಹಾಗೆಯೇ ಇತ್ತು. ಮದರಾಸಿನ ಡಾಕ್ಟರು ನರಕ್ಕೆ ಪೆಟ್ಟಾಗಿದೆ ಎಂದರು, ಮಂಗಳೂರಿನವರೂ ಅದನ್ನೇ ಹೇಳಿದರು. ಅವಳಿಗೆ ಒಳಗೊಳಗೇ ಸಮಾಧಾನವಾಯಿತು. ಪೆಟ್ಟಾದ ನರ ಅವಳಿಗೆ ಹೊಸತಲ್ಲ.

ಫಳ್ನೀರಿನ ಮನೆಯ ಮೆಟ್ಟಿಲು ಹತ್ತಿದ ಮಾಸ್ತರರು ಬಾಗಿಲ ಮುಂದೆ ನಿಂತರು. ಎಡಗೈಯ ಗೆಣ್ಣಿನಿಂದ ಬಾಗಿಲಿಗೆ ಎರಡು ಸಲ ಬಡಿದರು. ತಲೆ ವಾರೆ ಮಾಡಿ ಕಿವಿಗೊಟ್ಟರು.

"ಹಲಸಿನ ಮರ," ಎಂದರು. "ಗಟ್ಟಿ ಉಂಟು, ನರ್ಸಮ್ಮ."

ಮಟಿಲ್ಡಾಳ ಕೈಯಲ್ಲಿದ್ದ ಬೀಗದ ಕೈ ಕೆಳಗೆ ಬಿತ್ತು. ಅವಳು ಅದನ್ನು ಹೆಕ್ಕಿ ಬೀಗ ತೆಗೆದಳು, ಕಾಫಿಗೆ ನೀರಿಟ್ಟಳು. ಗೆಳೆಯ ಸತ್ತ ದುಃಖಕ್ಕೆ ಮನುಷ್ಯ ಅವನ ಚಾಳಿ ಹಿಡಿಯುವುದುಂಟು. ಅವಳು ಆಸ್ಪತ್ರೆಯಲ್ಲಿ ಏನೇನೋ ಕಂಡವಳು. ಆದರೆ ಮಾರನೆಯ ದಿನ ಮಾಸ್ತರರು ಕನ್ನಡಿ ನೋಡದೆ, ಆಂಬ್ರೋಸನ ಹಾಗೆ ಕೈಯಿಂದ ತಡವಿಕೊಂಡು ಗಡ್ಡ ಬೋಳಿಸಿದರು. ಬಂಗುಡೆ ಮೀನಿನ ಸಾರು ಮುಟ್ಟದ ಮನುಷ್ಯ ಎರಡೆರಡು ಸಲ ಹಾಕಿಸಿಕೊಂಡು ಉಂಡರು. ಮಾತು ಹೆಚ್ಚಾಯಿತು. ಮುರಿದ ಬೆಂಚು, ಕುಟ್ಟೆಹುಳ ಹಿಡಿದ ಮಾಡಿನ ಪಕ್ಕಾಸು, ಜೆಪ್ಪುವಿನ ಮನೆಯ ಹಿಂದೆ ಒಣಗಲು ಹಾಕಿದ ತೇಗದ ಹಲಗೆ. ಒಂದು ಸಂಜೆ ಅವಳು ಅಡಿಗೆ ಕೋಣೆಯಿಂದಲೇ, "ನಿನಗೆ ಇನ್ನೂ ಸ್ವಲ್ಪ ಗಂಜಿ ಬೇಕಾ?" ಎಂದು ಕೇಳಿದಳು. ಕೇಳಿದ ಮೇಲೆ ಗೊತ್ತಾಯಿತು, ಮದುವೆಯಾದಂದಿನಿಂದ ನೀವು ಎನ್ನುತ್ತಿದ್ದ ಗಂಡನಿಗೆ ತಾನು ನೀನು ಎಂದಿದ್ದೇನೆ ಎಂದು. ಹೊರಗಿನಿಂದ, "ಸಾಕು ನರ್ಸಮ್ಮ," ಎಂದು ಉತ್ತರ ಬಂತು. ಅವಳು ಸೌಟನ್ನು ಕೆಳಗಿಟ್ಟು ಗಂಜಿಯ ಪಾತ್ರೆಗೆ ಮುಚ್ಚಳ ಮುಚ್ಚಿದಳು.

ಅಮ್ಮಣಿ ಕಪ್ಪು ಸೀರೆ ಉಟ್ಟು ಮೊದಲ ಸಲ ನೋಡಲು ಬಂದದ್ದು ಒಂದು ಮಧ್ಯಾಹ್ನ. ಜಗಲಿಯಲ್ಲಿ ಕೂತಿದ್ದ ಮಾಸ್ತರರು ಎದ್ದು ನಿಂತರು. "ಬಾವಿಯ ರಾಟೆ ಕಿರ್ರ್ ಅನ್ನುದು ನಿಂತಿತಾ? ಎಣ್ಣೆ ಬಿಡ್ಲಿಕ್ಕೆ ಹೇಳಿದ್ದೆ ನಿನಗೆ," ಎಂದರು.

ಅಮ್ಮಣಿ ಅಳಲಿಲ್ಲ, ಹೆದರಲೂ ಇಲ್ಲ. ಅವರ ಎದುರಿಗೆ ಕೂತಳು. "ಬಿಟ್ಟೆ," ಎಂದಳು. "ಈಗ ಸದ್ದಿಲ್ಲ." ಆಮೇಲೆ ಇಬ್ಬರೂ ಸಂಜೆಯ ತನಕ ಮಾತಾಡಿದರು. ಒಳಗೆ ಅಕ್ಕಿ ಆರಿಸುತ್ತ ಕೂತ ಮಟಿಲ್ಡಾಳಿಗೆ ಕೇಳಿಸುತ್ತಿದ್ದದ್ದು ತನ್ನ ಗಂಡನ ಗಂಟಲು, ಇನ್ನೊಬ್ಬನ ಮಾತು. ಹೊರಡುವಾಗ ಅಮ್ಮಣಿ ಅವಳ ಮುಖ ನೋಡದೆ, "ನಾಳೆ ಬರ್ಲಾ ಮಟಿಲ್ಡಕ್ಕ?" ಎಂದು ಕೇಳಿದಳು. ಬೇಡ ಎನ್ನಲು ಅವಳಿಗೆ ಬಾಯಿ ಬರಲಿಲ್ಲ.

ಹೀಗೆ ದಿನವೂ ಬರತೊಡಗಿದಳು. ಮಾಸ್ತರರು ಅವಳ ದಾರಿ ಕಾಯುತ್ತಿದ್ದರು. ಆದರೆ ಅವರ ದೇಹ ಇಳಿಯುತ್ತ ಹೋಯಿತು. ಉಗುರಿನ ಬುಡ ನೀಲಿಯಾಯಿತು. ನಾಲ್ಕು ಹೆಜ್ಜೆ ನಡೆದರೆ ಏದುಸಿರು. ಡಾಕ್ಟರು ಹೃದಯ ದಣಿದಿದೆ ಎಂದರು.

ಒಂದು ದಿನ ಊಟವಾದ ಮೇಲೆ ಅವರು ಮಂಚದವರೆಗೂ ಹೋಗಲಾರದೆ ಚಾವಡಿಯ ನೆಲದ ಮೇಲೇ ಚಾಪೆಯಲ್ಲಿ ಮಲಗಿದರು. ಹೊರಗೆ ಬಿಸಿಲು ಸುರಿಯುತ್ತಿತ್ತು, ದಾರಿಯಲ್ಲಿ ಒಂದು ಗಾಡಿಯೂ ಇಲ್ಲ. ಮಟಿಲ್ಡಾ ಪಕ್ಕದಲ್ಲಿ ಕೂತು ಬೀಸಣಿಗೆ ಬೀಸುತ್ತ, ಹಳೆಯ ಅಭ್ಯಾಸದಂತೆ ಉಸಿರಿಗೆ ಕಿವಿಗೊಟ್ಟಳು. ಒಂದು ಉದ್ದ ಉಸಿರು ಒಳಗೆ ಹೋಯಿತು. ಅದು ಹೊರಗೆ ಬರುವ ಮೊದಲೇ ಇನ್ನೊಂದು, ಗಿಡ್ಡದು, ಅದರ ಮೇಲೆ ಹತ್ತಿಕೊಂಡಿತು. ಎದೆ ಒಂದೇ. ಅದರಲ್ಲಿ ಉಸಿರು ಎಳೆಯುತ್ತಿದ್ದವರು ಇಬ್ಬರು.

ಬೀಸಣಿಗೆ ನಿಂತಿತು. ಆಗ ಮುಚ್ಚಿದ ಕಣ್ಣಿನಲ್ಲೇ, ತುಟಿ ಹೆಚ್ಚು ಅಲುಗಿಸದೆ, ಮಾಸ್ತರರು ಮಾತಾಡಿದರು. ಬಾವಿಯ ತಳದಿಂದ ಬಂದ ಹಾಗಿತ್ತು ಆ ಸ್ವರ. ಆದರೆ ಅದು ಅವರದೇ ಮಾತು, ಒಂದೊಂದೇ ಶಬ್ದ ಅಳೆದು ಇಡುವ ಹಾಗೆ.

"ಮಟಿಲ್ಡಾ. ಮೇಲೆ ಗಾಳಿ ಉಂಟಾ?"

 ಅವಳು ಬಗ್ಗಿ, ಕೆನ್ನೆಯನ್ನು ತಣ್ಣನೆಯ ನೆಲಕ್ಕೆ ತಾಗಿಸಿ, ಅವರ ಕಿವಿಯ ಹತ್ತಿರ, "ಉಂಟು," ಎಂದಳು. "ನೀವು ಎಲ್ಲಿದ್ದೀರಿ?"

"ಇಳಿಜಾರಿನಲ್ಲಿ. ಅರ್ಧ ಬಂದಿದ್ದೇನೆ. ಇವನು ಭಾರ ಇದ್ದಾನೆ."

"ಆಂಬ್ರೋಸ್ ನಿಮ್ಮ ಒಟ್ಟಿಗೆ ಇದ್ದಾನಾ?"

"ಕೈ ಹಿಡಿದಿದ್ದೇನೆ. ಬಿಡಲಿಲ್ಲ," ಎಂದರು. "ಇಬ್ಬರಿಗೆ ಗಾಳಿ ಸಾಕಾಗುದಿಲ್ಲ ಮಟಿಲ್ಡಾ."

ಕಣ್ಣು ತೆರೆದು ಎದ್ದು ಕೂತಾಗ ಅವರು ಮತ್ತೆ ಆಂಬ್ರೋಸನೇ. ನೆಲಕ್ಕೆ ಬಡಿದು ನೋಡಿ, ಸಿಮೆಂಟಿಗೆ ಸ್ವರ ಇಲ್ಲ ಎಂದು ಬೇಸರಪಟ್ಟರು.

ಮಟಿಲ್ಡಾ ಆಮೇಲೆ ದಿನವೂ ಚಾಪೆ ಹಾಸಿದಳು. ಮಲಗಿದರೆ ಗಂಡ ಸಿಗುತ್ತಿದ್ದರು, ಎದ್ದರೆ ಹೋಗುತ್ತಿದ್ದರು. ಪ್ರತಿ ದಿನವೂ ಆ ಸ್ವರ ಹಿಂದಿನ ದಿನಕ್ಕಿಂತ ಕೆಳಗಿನಿಂದ ಬರುತ್ತಿತ್ತು. ಕೊನೆಗೆ ಅವಳು ಜೆಪ್ಪುವಿಗೆ ನಡೆದುಕೊಂಡು ಹೋಗಿ ಅಮ್ಮಣಿಗೆ ಎಲ್ಲವನ್ನೂ ಹೇಳಿದಳು. ಹೊಲಿಗೆ ಯಂತ್ರದ ಹಿಂದೆ ಕೂತಿದ್ದ ಅಮ್ಮಣಿ ಚಕ್ರದ ಮೇಲೆ ಕೈಯಿಟ್ಟು ಅದನ್ನು ನಿಲ್ಲಿಸಿದಳು.

"ನಿಮಗೆ ಗಂಡ ಉಂಟು ಮಟಿಲ್ಡಕ್ಕ. ಮುಟ್ಟಿದರೆ ಬಿಸಿ ಇರುವ ಮೈ ಉಂಟು. ನನಗೆ ಇರುದು ಮಧ್ಯಾಹ್ನದ ನಾಲ್ಕು ಮಾತು. ಅದನ್ನೂ ಕೇಳ್ಲಿಕ್ಕೆ ಬಂದ್ರಾ ನೀವು?"

"ಅವರು ಸಾಯ್ತಾರೆ ಅಮ್ಮಣಿ. ಆಗ ನಿನಗೂ ಇಲ್ಲ, ನನಗೂ ಇಲ್ಲ."

"ಸಾಯ್ಲಿ," ಎಂದಳು ಅಮ್ಮಣಿ, ಮೆತ್ತಗೆ. ಹೇಳಿದ ಮೇಲೆ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ಮಟಿಲ್ಡಾ ಬಾಗಿಲವರೆಗೆ ಹೋಗಿ ತಿರುಗಿದಳು. "ನಾಳೆ ಊಟದ ಹೊತ್ತಿಗೇ ಬಾ. ನೀನೇ ಮಲಗಿ ಕೇಳು. ಆಮೇಲೆ ನೀನು ಹೇಳಿದ ಹಾಗೆ."

ಅಮ್ಮಣಿ ಬಂದಳು. ಮಾಸ್ತರರು ಚಾಪೆಯ ಮೇಲೆ ನಿದ್ದೆ ಹೋಗಿದ್ದರು. ಅವಳು ಮೊದಲು ದೂರ ನಿಂತಳು, ಆಮೇಲೆ ಇನ್ನೊಂದು ಬದಿಯಲ್ಲಿ ಮೈಚಾಚಿ ಕಿವಿಯನ್ನು ನೆಲಕ್ಕೆ ಕೊಟ್ಟಳು. ಎರಡು ಉಸಿರುಗಳೂ ಅವಳಿಗೆ ಕೇಳಿಸಿದವು ಎಂದು ಅವಳ ಮುಖ ನೋಡಿದಾಗ ಮಟಿಲ್ಡಾಳಿಗೆ ಗೊತ್ತಾಯಿತು. ಗಿಡ್ಡ ಉಸಿರಿನ ಜೊತೆ ಒಂದು ಸಣ್ಣ ಗೊರಗೊರ ಸದ್ದಿತ್ತು.

"ಸೈಮನಣ್ಣ," ಎಂದಳು ಅಮ್ಮಣಿ. "ಅವರು ಹೇಗಿದ್ದಾರೆ?"

ತೀರ ಕೆಳಗಿನಿಂದ ಸ್ವರ ಬಂತು. "ಕೆಮ್ಮುತ್ತಾನೆ. ನಾನು ಎಳೆದಷ್ಟೂ ಅವನಿಗೆ ನೋವು. ಬಿಡು ಅಣ್ಣ ಅಂತಾನೆ. ಆಮೇಲೆ ಮರೆತುಬಿಡ್ತಾನೆ, ನಿನ್ನ ಹತ್ತಿರ ಮಾತಾಡ್ಲಿಕ್ಕೆ ಹೋಗ್ತಾನೆ. ವಾಪಸು ಬಂದ ಮೇಲೆ ಮತ್ತೆ ಅದೇ."

"ನೋವು ಉಂಟಾ ಅವರಿಗೆ?"

"ಉಂಟು."

"ದಿನಾ?"

"ಇಲ್ಲಿ ದಿನ ಇಲ್ಲ ಅಮ್ಮಣಿ."

ಅಮ್ಮಣಿ ಕಣ್ಣು ಮುಚ್ಚಿದಳು. ಹಿತ್ತಲಲ್ಲಿ ಕಾಗೆಯೊಂದು ಕೂಗುತ್ತಿತ್ತು.  ಇಲ್ಲಿ ಮಾತಾಡುವ ಹಕ್ಕು ತನಗಿಲ್ಲ ಎಂದು ಮಟಿಲ್ಡಾಳಿಗೆ ಅನ್ನಿಸಿತ್ತು.

ಅಮ್ಮಣಿ ತನ್ನ ಎರಡೂ ಕೈಗಳಲ್ಲಿ ಮಾಸ್ತರರ ಬಲಗೈಯ ಮುಷ್ಟಿಯನ್ನು ಹಿಡಿದುಕೊಂಡಳು. "ಬಿಟ್ಟುಬಿಡಿ ಸೈಮನಣ್ಣ."

"ಕರಕೊಂಡು ಬರ್ತೇನೆ ಅಂತ ಇಳಿದವನು ನಾನು."

"ಗೊತ್ತುಂಟು. ನೀವು ಮಾಡಿದ್ದು ಸಾಕು. ಹೆಂಡತಿ ನಾನು ಹೇಳ್ತಾ ಇದ್ದೇನೆ. ಅವರ ಕೈ ಬಿಡಿ."

ಮುಷ್ಟಿ ಒಮ್ಮೆ ಬಿಗಿಯಾಯಿತು. ಎಷ್ಟು ಬಿಗಿಯಾಯಿತೆಂದರೆ ಗೆಣ್ಣುಗಳು ಬೆಳ್ಳಗಾದವು. ಆಮೇಲೆ ಕಿರುಬೆರಳು ಸಡಿಲವಾಯಿತು, ಅದರ ಪಕ್ಕದ್ದು, ಅದರ ಪಕ್ಕದ್ದು. ಅಂಗೈ ತೆರೆದುಕೊಂಡಿತು. ಅದರ ಮೇಲೆ ಅಡ್ಡಲಾಗಿ ನಾಲ್ಕು ಬೆರಳು ಒತ್ತಿದ ಬಿಳಿಯ ಗುರುತು ಇತ್ತು. ಅವು ಮಾಸ್ತರರ ಬೆರಳಿನ ಗುರುತಲ್ಲ, ಇನ್ನೂ ದಪ್ಪನೆಯವು. ನೋಡುತ್ತಿದ್ದ ಹಾಗೆ ರಕ್ತ ತುಂಬಿ ಅವು ಮಾಸಿಹೋದವು.

ಚಾವಡಿಯ ಬಾಗಿಲಲ್ಲಿ ಟಕ್ ಟಕ್ ಎಂದಿತು. ಅಲ್ಲಿ ಯಾರೂ ಇರಲಿಲ್ಲ. ಆಮೇಲೆ ಜಗಲಿಯ ಬೆಂಚಿನಲ್ಲಿ ಟಕ್ ಟಕ್. ಕೊನೆಗೆ ದೂರದಲ್ಲಿ, ದಾರಿಯ ಬದಿಯ ಗೇಟಿನ ಮರದಲ್ಲಿ. ಅಮ್ಮಣಿ ಎದ್ದು ಓಡಿ ಹೋಗಿ ಗೇಟು ಹಿಡಿದು ನಿಂತಳು. ಬಿಸಿಲಿನ ದಾರಿ ಎರಡೂ ಕಡೆಗೆ ಖಾಲಿಯಾಗಿತ್ತು.

ಮಟಿಲ್ಡಾ ಅಲ್ಲೇ ಕೂತು ಉಸಿರು ಕೇಳಿದಳು. ಒಂದೇ ಇತ್ತು, ನಿಧಾನವಾಗಿ, ಉದ್ದಕ್ಕೆ.

ಸಂಜೆ ಕಣ್ಣು ತೆರೆದ ಸೈಮನ್ ಮಾಸ್ತರರು ಮಾಡಿನ ಹಂಚನ್ನು ನೋಡಿದರು, ಗೋಡೆಯನ್ನು ನೋಡಿದರು. "ಮಟಿಲ್ಡಾ, ನಾವು ಊರಿಗೆ ಯಾವಾಗ ಬಂದೆವು?" ಎಂದು ಕೇಳಿದರು. ತಗ್ಗಿಗೆ ಇಳಿದದ್ದು ಅವರಿಗೆ ನೆನಪಿತ್ತು. ಆಮೇಲಿನದು ಏನೂ ಇರಲಿಲ್ಲ. ಆಂಬ್ರೋಸ್ ಎಲ್ಲಿ ಎಂದು ಕೇಳಿದರು. ಅವಳು ಹೇಳಿದಳು. ಅವರು ಚಾಪೆಯ ಮೇಲೆ ಕೂತುಕೊಂಡೇ, ಮಗುವಿನಂತೆ ಬಾಯಿ ತೆರೆದು ಅತ್ತರು. ಅವರು ಅತ್ತದ್ದನ್ನು ಅವಳು ನೋಡಿದ್ದು ಅದೇ ಮೊದಲು.

ತಿಂಗಳು ಕಳೆಯುವುದರೊಳಗೆ ಅವರು ಎದ್ದು ಓಡಾಡುವಂತಾದರು. ಆಂಬ್ರೋಸನಿಗಾಗಿ ಒಂದು ಪ್ರಾರ್ಥನೆ ಆಗಬೇಕೆಂದು ಹಟ ಹಿಡಿದು ಮಾಡಿಸಿದವರು ಅವರೇ. ದೇವಾಲಯ ತುಂಬಿತ್ತು. ವಾಮಂಜೂರಿನಿಂದ ಅಮ್ಮಣಿಯ ಅಣ್ಣ ಲೋಕಯ್ಯನೂ ಬಂದಿದ್ದ, ತಂಗಿಯನ್ನು ತನ್ನ ಮನೆಗೆ ಕರೆದುಕೊಂಡು ಹೋಗಲಿಕ್ಕೆ. ಮಾಸ್ತರರು ಎದ್ದು ನಿಂತು ಮಾತಾಡಿದರು. ಅವನನ್ನು ಅರ್ಧ ದಾರಿಯಲ್ಲಿ ಬಿಟ್ಟು ಬಂದೆ, ಇದು ನನ್ನನ್ನು ಸಾಯುವವರೆಗೂ ಬಿಡುವುದಿಲ್ಲ ಎಂದರು. ಮುಂದಿನ ಸಾಲಿನಲ್ಲಿದ್ದ ಅಮ್ಮಣಿ ತಲೆ ಎತ್ತಲಿಲ್ಲ. ನಡೆದದ್ದು ಬಲ್ಲವರು ಆ ಇಬ್ಬರು ಹೆಂಗಸರು ಮಾತ್ರ, ಅವರು ಯಾರಿಗೂ ಹೇಳಿರಲಿಲ್ಲ.

ಹೊರಗೆ ಬಂದಾಗ ಮಟಿಲ್ಡಾ ಅವಳ ಹತ್ತಿರ ಹೋದಳು. "ಅಲ್ಲಿ ಹೋದ ಮೇಲೆ ಒಮ್ಮೆ ಹೇಳಿ ಕಳಿಸು," ಎಂದಳು.

"ಇಲ್ಲ ಮಟಿಲ್ಡಕ್ಕ," ಎಂದಳು ಅಮ್ಮಣಿ. "ಸೈಮನಣ್ಣನ ಮೇಲೆ ನನಗೆ ಎಂತ ಸಿಟ್ಟೂ ಇಲ್ಲ. ನಿಮ್ಮ ಮೇಲೆ ಉಂಟು. ನೀವು ಮಾಡಿದ್ದು ಸರಿ ಅಂತ ಗೊತ್ತುಂಟು, ಆದ್ರೂ ಉಂಟು. ಅದು ಹೋಗುವ ಹಾಗೆ ಕಾಣುದಿಲ್ಲ."

ಮಟಿಲ್ಡಾ ತಲೆಯಾಡಿಸಿದಳು. ಮುಂದೆ ಇಳಿಯಲು ಕಲ್ಲಿನ ಮೆಟ್ಟಿಲುಗಳಿದ್ದವು. ಅವಳ ಮೊಣಕಾಲು ಹಿಡಿದುಕೊಂಡದ್ದನ್ನು ಕಂಡು ಅಮ್ಮಣಿ ಒಂದು ಕ್ಷಣ ನಿಂತಳು, ಆಮೇಲೆ ತನ್ನ ತೋಳನ್ನು ಚಾಚಿದಳು. ಇಬ್ಬರೂ ಒಂದೊಂದೇ ಮೆಟ್ಟಿಲು, ಕೆಳಗಿನ ದಾರಿಯವರೆಗೆ ಇಳಿದರು. ಅಲ್ಲಿ ಲೋಕಯ್ಯನ ಗಾಡಿ ಕಾಯುತ್ತಿತ್ತು.